ಎಡಗಡೆಯ ಗೋಡೆ

ಕುತೈಸಿ, ಮೂರನೇ ವಾರ್ಡು. ಕನ್ನಡಕದೊಳಗೆ ನನ್ನದೇ ಉಸಿರಿನ ಮಂಜು.
ವರ್ಲಾಮನ ಅಂಗಿ ಸರಿಸಿ, ತಣ್ಣನೆಯ ಜೆಲ್ ಹಚ್ಚಿ
ಪಕ್ಕೆಲುಬಿನ ಸಂದಿಗೆ ಪ್ರೋಬ್ ಒತ್ತುತ್ತೇನೆ.

ಮುಂಗೈ ತುಂಬ ಸುಟ್ಟ ಕಲೆ:
ನಲವತ್ತು ವರ್ಷ ಮಣ್ಣಿನ ಒಲೆಯೊಳಗೆ ಬಗ್ಗಿ
ಗೋಡೆಗೆ ರೊಟ್ಟಿ ಬಡಿದವನು.

ಬೆಳಿಗ್ಗೆ ಡಾಕ್ಟರು ಅಂದಿದ್ದರು, ಶ್ವಾಸಕೋಶ ತಿಳಿಯಾಗುತ್ತಿದೆ,
ಆಮ್ಲಜನಕ ತೊಂಬತ್ತಮೂರು.
ಮಗಳು ನಾತೆಲಾ ಗೇಟಿನಾಚೆಯೇ ಅತ್ತು ನಕ್ಕಳಂತೆ.
ಮಧ್ಯಾಹ್ನ ರಕ್ತದ ಚೀಟಿ ಬಂತು:
ಟ್ರೊಪೋನಿನ್, ನಿನ್ನೆಯ ಹತ್ತು ಪಟ್ಟು.

ಉಸಿರಿನ ದಾರಿ ಹಿಡಿದು ಬಂದ ಜ್ವರ
ಒಳಕೋಣೆಗೆ ಯಾವಾಗ ಹೊಕ್ಕಿತೋ.

ತೆರೆಯ ಮೇಲೆ ಬೂದುಬಣ್ಣದ ಹೃದಯ. ಎಡಗೋಡೆ
ತುಸು ಅಲುಗುತ್ತದೆ, ಮರೆಯುತ್ತದೆ,
ಯಾರೋ ಕರೆದಂತೆ ಮತ್ತೆ ಅಲುಗುತ್ತದೆ.

"ಒಲೆ ಹೇಗಿದೆ?" ಮಾಸ್ಕಿನೊಳಗಿಂದ ಕೇಳಿದ.
"ಆರಿಲ್ಲ" ಅಂದೆ.
"ಗೋಡೆ ಕಾಯದಿದ್ದರೆ ಹಿಟ್ಟು ಜಾರಿ ಕೆಂಡಕ್ಕೆ ಬೀಳುತ್ತೆ, ಮಗಳೇ.
ಬೈಯಬಾರದು."

ಅಳತೆ ಬರೆದೆ: ಶೇಕಡಾ ಇಪ್ಪತ್ತೆಂಟು.
ಎದೆಗಾರಿಕೆ ಅನ್ನುತ್ತೇವಲ್ಲ, ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.

ಜೆಲ್ ಒರೆಸಿದ ಮೇಲೂ ಕೈ ಅಲ್ಲೇ ಇಟ್ಟಿದ್ದೆ,
ಎರಡು ಪದರ ಗವಸು ದಾಟಿ
ಬಿಸಿ ನನಗೆ ಹತ್ತುವವರೆಗೆ.