ಬೆಲೆಯ ಮೇಲೆ ಹೆಬ್ಬೆರಳು

ಕೌಲ್ ಬಜಾರಿನಲ್ಲಿ ಕಳ್ಳ ಹೊಕ್ಕರೆ
ಓಣಿಯೆಲ್ಲ ಏಳುವಂತೆ ಒದರುತ್ತೇವೆ.
ಕತ್ತರಿ ಹಿಡಿದೇ ಓಡಿಬಂದ ಟೇಲರುಗಳನ್ನು
ನಾನೇ ಕಂಡಿದ್ದೇನೆ.

ಈ ಕಳ್ಳ ಬಂದಾಗ ಯಾರೂ ಒದರಲಿಲ್ಲ.

ಸಾಹುಕಾರ ಎರ್ರಿಸ್ವಾಮಿಯ ಹನ್ನೊಂದು ಲಕ್ಷ
ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಹೋಯಿತು.
ಅಹಮದಾಬಾದಿನ ಬಟ್ಟೆ ಮಿಲ್ಲಿನದೇ ಬಿಲ್ಲು,
ಅದೇ ಮುದ್ರೆ, ಅದೇ ಸಹಿ,
ಖಾತೆ ನಂಬರು ಮಾತ್ರ ಬೇರೆ.
ಒತ್ತಿದ ಬೆರಳು ನನ್ನದು.
ಲೆಕ್ಕ ಬರೆಯುವ ಸುಂಕಮ್ಮ,
ಇಪ್ಪತ್ತು ವರ್ಷದಲ್ಲಿ ಹತ್ತು ಪೈಸೆ ತಪ್ಪಿದವಳಲ್ಲ.

'ಹೊರಗ ಬಾಯಿ ಬಿಡಬ್ಯಾಡ' ಅಂದ ಸಾಹುಕಾರ,
'ನಾಳೆ ಉದ್ರಿ ಕೊಡೋರಿಲ್ಲ.'
ನಾಲ್ಕು ತಿಂಗಳು ಬಾಯಿ ಹೊಲಿದುಕೊಂಡೆ,
ಜೀನ್ಸಿನ ಜೋಡಿ ಹೊಲಿಗೆ,
ಮೇಲೊಂದು ತಾಮ್ರದ ಗುಂಡಿ.

ಆಮೇಲೆ ವಾಷಿಂಗ್ ಘಟಕದ ಹೊನ್ನೂರಸಾಬ
ನೀಲಿ ನೀರಿನ ಗಟಾರದ ಪಕ್ಕ, ಉರಿಬಿಸಿಲಲ್ಲಿ
ಸುಮ್ಮನೆ ಕೂತಿದ್ದ. ಮೊಣಕೈತನಕ ನೀಲಿ.
ಯಾರೂ ಹೇಳಬೇಕಾಗಿರಲಿಲ್ಲ,
ನಮ್ಮ ಸಾಹುಕಾರನೂ ಹಾಗೇ ಕೂತಿದ್ದ.

ಅವತ್ತು ಹೊಲಿಗೆ ಬಿಚ್ಚಿದೆ.

ಭಾನುವಾರ ಪಾರಸ್‌ಮಲ್ಲರ ಗೋದಾಮಿನಲ್ಲಿ
ಏಳು ಜನ ಮಾಲೀಕರು. ಒಬ್ಬರು ಒಳಬಂದರೆ
ಇನ್ನೊಬ್ಬರು ಸ್ಯಾಂಪಲ್ ಪ್ಯಾಂಟಿಗೆ ಗೋಣಿ ಹೊದಿಸುವಂಥವರು.
ಒಗ್ಗರಣೆ ಮಂಡಕ್ಕಿ, ಮಿರ್ಚಿ.
ಅರ್ಧ ತಾಸು ಬರೀ ಕರೆಂಟಿನ ಮಾತು.
ಕೊನೆಗೆ ಎರ್ರಿಸ್ವಾಮಿ ಅಂಗಿ ಜೇಬಿನಿಂದ
ಮಡಚಿದ ಹಾಳೆ ತೆಗೆದು ಚಾಪೆಯ ಮೇಲಿಟ್ಟ,
ಮೀಟರಿನ ಬೆಲೆ ಹೆಬ್ಬೆರಳಿನಿಂದ ಮುಚ್ಚಿ.
ಇನ್ನೊಂದು ಹಾಳೆ ಬಂತು, ಇನ್ನೊಂದು ಹೆಬ್ಬೆರಳು.
ಆಮೇಲೆ ಮತ್ತೆ ಮೂರು.
ಮಿಲ್ಲಿನ ವಿಳಾಸದಲ್ಲಿ 'ಎಲ್' ಇರಬೇಕಾದಲ್ಲಿ
ಐದರಲ್ಲೂ ಅಂಕಿ ಒಂದು.
'ಒಂದೇ ಸೂಜಿ ನೋಡ್ರಿ' ಅಂದ ಹೊನ್ನೂರಸಾಬ.

ಪಾರಸ್‌ಮಲ್ಲರು ನೆಲ ನೋಡುತ್ತ ಹೇಳಿದರು:
'ನನಗೆ ಯುಗಾದಿಗೇ ಬಂದಿತ್ತು.
ಅನುಮಾನ ಬಂದು ಅಳಿಸಿದೆ.
ನಿಮಗ್ಯಾಕೆ ಹೇಳಲಿ ಅಂದುಕೊಂಡೆ.'
ತುಸು ಹೊತ್ತು ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ.

ಈಗ ಮುಂಡರಗಿಯ ಘಟಕಗಳಿಂದಲೂ ಫೋನು ಬರುತ್ತದೆ.
'ಸುಂಕಮ್ಮಾ, ಸೂರತ್ತಿನ ಜಿಪ್ಪಿನವನ ಖಾತೆ ಬದಲಾಗೇತಂತ.
ನಿಮಗೂ ಬಂತೇನು?'
'ಬಂತು. ಹಳೇ ನಂಬರಿಗೆ ಹಚ್ಚಿ ಕೇಳಿದೆ. ಸುಳ್ಳು.
ಉಳಿದೋರಿಗೆ ತಿಳಸ್ರಿ.'
ಆ ಕಡೆ ಸ್ವಲ್ಪ ತಡೆದು,
'ಅಂದಂಗ, ಜಿಪ್ಪು ಡಜನ್ನಿಗೆ ಎಷ್ಟು ಬಿತ್ತು?'

ನನ್ನ ಹೆಬ್ಬೆರಳು ತಾನಾಗಿ ಬಿಲ್ಲಿನ ಮೇಲೆ
ಹೋಗಿ ಕೂರುತ್ತದೆ,
ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತಿದ್ದರೂ.