ಎರಡನೆಯ ಲೇಪ

ಬೆಳಿಗ್ಗೆ ಹಚ್ಚಬೇಡ, ಎಂದಿದ್ದರು ಕುಂಞಂಬು ಆಚಾರಿ.
ಬಿಸಿಲೇರುವಾಗ ಮರ ಉಸಿರು ಬಿಡುತ್ತದೆ,
ರಾಳದ ಮೈಯೆಲ್ಲ ಗುಳ್ಳೆ.
ಸಂಜೆ, ಅದು ಉಸಿರೆಳೆದುಕೊಳ್ಳುವ ಹೊತ್ತಿಗೆ ಹಚ್ಚು,
ಕೊಟ್ಟಷ್ಟೂ ಕುಡಿಯುತ್ತದೆ.

ಹಾಗೆ, ಕೊಯಿಪ್ಪಾಡಿಯ ದೋಣಿಚಪ್ಪರದಲ್ಲಿ
ಐದೂವರೆಗೆ ಶುರು.
ಅಲೆ ಏರಲು ಹಾಲೆಮರದ ಏಳಡಿ ಹಲಗೆ,
ಅಂಚಿಗೆ ಹೆಬ್ಬಲಸಿನ ಪಟ್ಟಿ,
ಮೇಲೆ ಗಾಜಿನ ನೂಲಿನ ಬಟ್ಟೆ:
ಒದ್ದೆಯಾಗುತ್ತಲೇ ಇಲ್ಲವಾಗುವ ಬಟ್ಟೆ.
ಎರಡು ಪಾಲು ರಾಳ, ಒಂದು ಪಾಲು ಗಟ್ಟಿ ಮಾಡುವ ದ್ರವ.
ಅವರು ಮಲಯಾಳದಲ್ಲಿ ಎಣಿಸಿದರು,
ನಾನು ತುಳುವಿನಲ್ಲಿ ಕಲಕಿದೆ,
ಡಬ್ಬಿಯ ಮೇಲಿನ ಅಕ್ಷರ ಇಬ್ಬರದೂ ಅಲ್ಲ.

"ಇನ್ನು ನಾಲ್ಕು ಗಂಟೆ.
ಉಗುರೊತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು.
ಆಗ ಎರಡನೆಯದು. ಹಸಿ ಹಸಿಯನ್ನು ಹಿಡಿಯುತ್ತದೆ,
ನಡುವೆ ಗೆರೆ ಇರುವುದಿಲ್ಲ."

ಒಂಬತ್ತಕ್ಕೆ ಐಸ್ ಫ್ಯಾಕ್ಟರಿಯಿಂದ ಫೋನು:
ಮೂರು ದೋಣಿ ಬೂತಾಯಿ, ಯಂತ್ರ ಕೆಟ್ಟಿದೆ, ಬಾ.
ಹೋದೆ.
ಬಂದಾಗ ಬೆಳಗಿನ ಆರು.

ಉಗುರಿಗೆ ಗುರುತಿಲ್ಲ. ಮೈ ಕನ್ನಡಿ.
ಅದರ ಮೇಲೊಂದು ಬೆವರು.
ಐಸು ಬೆವರುವುದನ್ನು ಹನ್ನೊಂದು ವರ್ಷ ನೋಡಿದವಳು ನಾನು,
ಇದು ಆ ಬೆವರಲ್ಲ,
ಒರೆಸಿದರೆ ಕೈಗೆ ಸಾಬೂನಿನ ಹಾಗೆ ಜಿಡ್ಡು.
ಹಠಕ್ಕೆ, ಒಂದು ಮೂಲೆಯಲ್ಲಿ, ಅದರ ಮೇಲೇ ಹಚ್ಚಿಬಿಟ್ಟೆ.
ಮರುದಿನ ಕತ್ತಿಯ ತುದಿ ತಾಗಿದ್ದೇ
ಸಿಪ್ಪೆಯಂತೆ ಎದ್ದು ಬಂತು, ಇಡಿಯಾಗಿ.
ಅಡಿಯಲ್ಲಿ ಮೊದಲನೆಯದು
ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿತ್ತು.

ಆಚಾರಿ ಬೈಯಲಿಲ್ಲ.
ಬಕೆಟ್ ನೀರು, ಹಳೇ ಲುಂಗಿಯ ತುಂಡು, ಉಪ್ಪುಕಾಗದ.
"ಮೊದಲು ತೊಳಿ. ತೊಳೆಯದೆ ಉಜ್ಜಿದರೆ
ಜಿಡ್ಡನ್ನೇ ಗೀರಿನೊಳಗೆ ತುಂಬಿದ ಹಾಗೆ."

ಉಜ್ಜಿದೆ. ಕನ್ನಡಿ ಹೋಯಿತು.
ಹೊಳಪು ಉಳಿದಲ್ಲೆಲ್ಲ
ಅವರು ಪೆನ್ಸಿಲಿನಿಂದ ಸುತ್ತು ಹಾಕುತ್ತ ಬಂದರು,
ನಾನು ಸುತ್ತುಗಳನ್ನು ಅಳಿಸುತ್ತ ಹೋದೆ.
ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದ ಕಾಲದ್ದೇನೋ
ಹೇಳಲು ಶುರುಮಾಡಿ, ಅರ್ಧಕ್ಕೆ,
"ಅಲ್ಲಿ, ಅಂಚಿನಲ್ಲಿ, ಇನ್ನೂ ಹೊಳೆಯುತ್ತಿದೆ."

ಸಂಜೆ ಎರಡನೆಯದು.
ರಾಳ ಗೀರುಗಳಿಗೆ ಇಳಿದಂತೆ ಬೂದು ಮಾಯ,
ಹಾಲೆಯ ನರಗಳೆಲ್ಲ ಮತ್ತೆ ಕಂಡವು.
ಹಿಡಿಯುತ್ತದಾ?
"ಹಸಿಯಲ್ಲಿ ಹಿಡಿದ ಹಾಗಲ್ಲ. ಆದರೂ ಹಿಡಿಯುತ್ತದೆ.
ಬಾಲದ ಹತ್ತಿರ ನೋಡುತ್ತಿರು,
ಬಿಡುವುದಿದ್ದರೆ ಮೊದಲು ಅಲ್ಲಿ."

ಈಗ ದಡಕ್ಕೆ ಬಂದಾಗಲೆಲ್ಲ
ಕೂದಲು ಹಿಂಡುವ ಮೊದಲು
ಬಾಲದ ಮೇಲೆ ಬೆರಳಿನಿಂದ ಕುಟ್ಟುತ್ತೇನೆ.
ಇವತ್ತು ಟಕ್ ಎಂದಿತು.
ಫ್ಯಾಕ್ಟರಿಗೆ ಹೊತ್ತಾಯಿತು.