ಸೂಲಗಿತ್ತಿಯ ನಿವಾ

ರಾಚಾದ ಏರುದಾರಿಯ ಊರುಗಳಲ್ಲಿ ಎಲ್ಲರಿಗೂ ಗೊತ್ತು:
ಬೆಳಿಗ್ಗೆ ಗೇಟಿನ ಮುಂದೆ
ಅಂಗೈಯಗಲದ ಕರಿ ಮಚ್ಚೆ ಕಂಡರೆ
ರಾತ್ರಿ ಝುಝುನಾ ಬಂದಿದ್ದಳು,
ಒಳಗೆ ಕೂಸು ಅತ್ತಿದೆ.

ಹಿಮ ಕರಗಿದರೂ ಕರಗದ ಮಚ್ಚೆ.
ನಮ್ಮ ಮನೆ ಮುಂದೆಯೂ ಒಂದಿದೆ, ನನ್ನದಂತೆ,
ಹದಿನೈದು ವರ್ಷ ಹಳತು.
ಅಮ್ಮ ಅದರ ಮೇಲೆ ಹೂಕುಂಡ ಇಟ್ಟಿದ್ದಾಳೆ.

ಈ ಸಲ ಅಕ್ಟೋಬರಿನಲ್ಲಿ ತೊಟ್ಟು ಧಾರೆಯಾಯಿತು.
"ಸುಟ್ಟೆಣ್ಣೆಯ ನಾತಕ್ಕೆ ಬಸುರಿಯರು ದಾರಿಯುದ್ದ
ವಾಕರಿಸುತ್ತಾರೆ, ವಾರ್ಲಾಮ್,
ಏನಾದರೂ ಮಾಡು" ಅಂದಳು ಝುಝುನಾ,
ಕೀಲಿಗೊಂಚಲು ಬೆಂಚಿನ ಮೇಲೆಸೆದು.

ಮಾವ ಬಾನೆಟ್ಟೆತ್ತಿ ಮೂಸಿದ,
ಸಾರಿನ ಪಾತ್ರೆ ಮೂಸುವ ಹಾಗೆ.
"ಮೇಲ್ಮುಚ್ಚಳದ ಗ್ಯಾಸ್ಕೆಟ್ಟು. ಎಂಟು ನಟ್ಟು.
ನೀನೇ ಬಿಚ್ಚು, ಮಾಕ್ವಾಲಾ,
ನನ್ನ ಕೈ ಈಗ ನನ್ನ ಮಾತು ಕೇಳೋದಿಲ್ಲ."

ನನ್ನ ಬೆರಳು ಆಗಲೇ ಕಪ್ಪು.
ಮೂರು ದಿನ ಅಕ್ರೋಟಿನ ಹಸಿ ಸಿಪ್ಪೆ ಸುಲಿದಿದ್ದೆ;
ಕಾಯಿಯ ಕರೆ ಯಾವುದು, ಎಣ್ಣೆಯ ಕರೆ ಯಾವುದು,
ಸೋಪಿಗೂ ತಿಳಿಯದು.

ಏಳು ಸುಲಭ. ಎಂಟನೆಯದು ಹಟ ಹಿಡಿದು
ಗೆಣ್ಣಿನ ತೊಗಲು ತಿಂದಿತು.
ಮುಚ್ಚಳ ಏಳಲಿಲ್ಲ.
ಮರದ ಸುತ್ತಿಗೆಯಿಂದ ಬದಿಗೆ ಎರಡೇಟು,
ನಿದ್ದೆಯವರ ಬಾಗಿಲು ತಟ್ಟುವಷ್ಟೇ.
ಚಪ್ ಎಂದು ಬಿಟ್ಟುಕೊಂಡಿತು.

ಒಳಗೆ ಕಾಡುಜೇನಿನ ಬಣ್ಣ.
ಕ್ಯಾಮ್‌ಶಾಫ್ಟಿನ ಉಬ್ಬುಗಳು ಎಣ್ಣೆ ಮಿಂದು
ಸ್ನಾನದ ಮನೆಗೆ ಯಾರೋ ಹೊಕ್ಕಂತೆ ನಿಂತಿದ್ದವು.

ಹಳೆಯ ಕಾರ್ಕು ಪಟ್ಟಿ
ಒಣ ಬಿಸ್ಕತ್ತಿನಂತೆ ಮುರಿಯಿತು. ಒಂದು ಮೂಲೆಯಲ್ಲಿ
ಯಾರೋ ಚ್ಯೂಯಿಂಗ್ ಗಮ್ ಮೆತ್ತಿದ್ದರು.
ಯಾರೆಂದು ಮಾವ ಕೇಳಲಿಲ್ಲ.
ಝುಝುನಾ ಬಾಗಿಲಾಚೆ ನದಿ ನೋಡಿದಳು.

ಚೂರೂ ಒಳಗೆ ಬೀಳಬಾರದು:
ಚಿಂದಿ ಹೊದಿಸಿ, ಬ್ಲೇಡಿನಿಂದ ಕೆರೆದು,
ಪೆಟ್ರೋಲಿನಲ್ಲಿ ಒರೆಸಿದೆ.
"ಕಣ್ಣು ಸುಳ್ಳು ಹೇಳುತ್ತೆ, ಮುಚ್ಚು, ಸವರು."
ಸವರಿದೆ.
ಒಂದು ಕಡೆ ಉಗುರಿಗೆ ತಗುಲಿತು, ಎಳ್ಳಿನಷ್ಟು.
ಮತ್ತೆ ಕೆರೆದೆ.

ಹೊಸ ಪಟ್ಟಿ ಕುತೈಸಿಯಿಂದ ಬಸ್ಸಿನಲ್ಲಿ ಬಂದಿತ್ತು,
ಪತ್ರಿಕೆಯಲ್ಲಿ ಸುತ್ತಿಸಿಕೊಂಡು
ಡ್ರೈವರನ ಚೀಸಿನ ಪಕ್ಕ.
ಇನ್ನೂ ಚೀಸಿನ ವಾಸನೆಯೇ.

"ನಡುವಿನಿಂದ ಹೊರಕ್ಕೆ. ಅಡ್ಡಡ್ಡ. ಒಂದೊಂದೇ ಸುತ್ತು.
ಸೇಡು ತೀರಿಸುವ ಹಾಗೆ ತಿರುವಬೇಡ.
ನೆಲದಲ್ಲಿ ಹೂತ ವೈನಿನ ಹಂಡೆಯ ಬಾಯಿಗೆ
ಜೇಡಿ ಮೆತ್ತುವಾಗ ನಿನ್ನಜ್ಜಿ ಗುದ್ದುತ್ತಾಳೇನು?
ಸಾಕಾದಾಗ ಅದೇ ಸಾಕು ಅನ್ನುತ್ತೆ."

ಏಳು ನಟ್ಟು ಸಾಕು ಅಂದವು.
ಎಂಟನೆಯದು ಅಂದಿತೋ, ನಾನೇ ಅಂದುಕೊಂಡೆನೋ,
ಈಗಲೂ ಅನುಮಾನ.
ಝುಝುನಾ ಅಷ್ಟರಲ್ಲಿ ಟೈರಿನ ರಾಶಿಗೆ ಒರಗಿ
ಬಾಯ್ತೆರೆದು ಮಲಗಿದ್ದಳು.
ಇಂಜಿನ್ನು ಶುರು ಮಾಡಿದರೂ ಏಳಲಿಲ್ಲ,
ಜೇಬಿನ ಫೋನು ಗುನುಗಿದ್ದೇ ಎದ್ದಳು.

ಗೇಬಿಯಲ್ಲಿ ಹೆಣ್ಣು ಮಗು.
ಬೆಳಿಗ್ಗೆ ಗೇಟಿನ ಮುಂದೆ ಬರೀ ಚಕ್ರದ ಗೆರೆ.
ಮಧ್ಯಾಹ್ನ ದಾಟಿದರೂ ನೆರೆಯವರು
ಒಬ್ಬರೂ ಬ್ರೆಡ್ಡು ತರಲಿಲ್ಲವಂತೆ,
ಹೆತ್ತವಳ ಅತ್ತೆ ನಮ್ಮ ಗ್ಯಾರೇಜಿಗೇ ಫೋನು ಮಾಡಿ
ಕೂಗಾಡಿದಳು: ಏನು ಮಾಡಿದಿರಿ ಆ ಗಾಡಿಗೆ?

ಮಾವ ಫೋನನ್ನು ಎದೆಗೊತ್ತಿ ನನ್ನತ್ತ ತಿರುಗಿದ:
"ಗೇರ್‌ಬಾಕ್ಸಿನ ಸೀಲು ಇನ್ನೂ ಹಳೆಯದೇ.
ಕ್ರಿಸ್‌ಮಸ್ಸಿನೊಳಗೆ ಸೋರುತ್ತೆ,
ಸ್ವಲ್ಪ ತಾಳಿ ಅನ್ನಲಾ?"